ಬಿಳಿ ಕುತ್ತಿಗೆಯ ಸಿಲಿಂಡರುಗಳು

ಜೂನ್ ೧೭, ಮಂಗಳವಾರ

ಕೊರೊನಾದ ಎರಡನೇ ವರ್ಷ, ಮೇ ತಿಂಗಳಲ್ಲಿ, ಹನ್ನೊಂದು ವೆಲ್ಡಿಂಗ್ ಸಿಲಿಂಡರುಗಳ ಕುತ್ತಿಗೆಗೆ ಬಿಳಿ ಬಣ್ಣ ಹಚ್ಚಿದವನು ನಾನು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅವ್ವನಿಗೂ ಹೇಳಿಲ್ಲ.

ಮೈಯೆಲ್ಲ ಕಪ್ಪಾಗಿದ್ದರೆ ಅದು ವೆಲ್ಡಿಂಗಿನ ಆಕ್ಸಿಜನ್. ಮೈ ಕಪ್ಪು, ಕುತ್ತಿಗೆ ಬಿಳಿ ಇದ್ದರೆ ದವಾಖಾನೆಯದು. ಅವ್ವನ ತಮ್ಮ ಪರಮಾನಂದ ಮಾಮಾನ ವೆಲ್ಡಿಂಗ್ ಅಂಗಡಿಯಲ್ಲಿ ಇದ್ದವೆಲ್ಲ ಕಪ್ಪು. ಒಂದು ಮಧ್ಯಾಹ್ನ ಮಾಮಾ ಬಿಳಿ ಬಣ್ಣದ ಡಬ್ಬಿ ತಂದು ನನ್ನ ಮುಂದೆ ಇಟ್ಟ. ನನಗೆ ಆಗ ಹದಿನೇಳು. ಪಿಯುಸಿ ಮೊದಲನೇ ವರ್ಷ ಅರ್ಧಕ್ಕೆ ಬಿಟ್ಟಿದ್ದೆ. ಕೊರೊನಾದಿಂದ ಕಾಲೇಜು ಬಂದ್ ಆಯಿತು, ಅದಕ್ಕೇ ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತೇನೆ. ಅದೂ ಸುಳ್ಳು. ತೆರೆದಿದ್ದ ದಿನಗಳಲ್ಲೂ ನಾನು ಹೋಗುತ್ತಿರಲಿಲ್ಲ. ಒಂದು ಕಡೆ ಕೂತರೆ ನನ್ನ ಕಾಲು ತಾನಾಗಿಯೇ ಕುಣಿಯುತ್ತದೆ.

ಸಿಲಿಂಡರಿನ ಒಳಗೆ ತೊಳೆಸಬೇಕಿತ್ತು, ತಪಾಸಣೆಗೆ ಕಳಿಸಬೇಕಿತ್ತು, ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಪೂರ್ತಿ ನಿಜವಲ್ಲ. ಏನೂ ಗೊತ್ತಿರದಿದ್ದರೆ ಶಟರ್ ಇಳಿಸಿಕೊಂಡು ಯಾಕೆ ಹಚ್ಚುತ್ತಿದ್ದೆವು?

ಇವತ್ತು ಇದನ್ನು ಬರೆಯುವ ಕಾರಣ ಇಷ್ಟೇ. ನನಗೆ ಕೆಲಸ ಸಿಕ್ಕಿದೆ, ಅದೂ ದವಾಖಾನೆಯಲ್ಲಿ. ಡಾಕ್ಟರ್ ಸುಜಾತಾ ಎಂಬವರು ನಮ್ಮ ಸಿಂದಗಿಯಲ್ಲಿ ಇಂಡಿ ರಸ್ತೆಗೆ ತುರ್ತು ಚಿಕಿತ್ಸೆಯ ಕ್ಲಿನಿಕ್ ತೆರೆಯುತ್ತಿದ್ದಾರೆ. ಮುದ್ದೇಬಿಹಾಳದವರು. ಹಾವು ಕಡಿದವರನ್ನು, ಎದೆನೋವಿನವರನ್ನು ಹೊತ್ತಲ್ಲದ ಹೊತ್ತಿನಲ್ಲಿ ವಿಜಯಪುರದವರೆಗೆ ಒಯ್ಯುವುದು ತಪ್ಪಬೇಕು ಎನ್ನುತ್ತಾರೆ. ಸಾಮಾನು ತರಲು, ದರ ವಿಚಾರಿಸಲು, ಬಂದದ್ದನ್ನು ಬರೆದಿಡಲು ಒಬ್ಬ ಬೇಕಿತ್ತು.

"ಎಷ್ಟು ಕಡೆ ಕೆಲಸ ಮಾಡೀದಿ?" ಎಂದು ಕೇಳಿದರು.

"ಆರು ಕಡೆ ರೀ. ವೆಲ್ಡಿಂಗು, ಪೈಪಿನ ಅಂಗಡಿ, ಮೊಬೈಲ್ ಅಂಗಡಿ, ಚಡಚಣದಾಗ ಒಣದ್ರಾಕ್ಷಿ ಶೆಡ್ಡು..."

"ಸಾಕು ಸಾಕು. ಯಾಕ ಬಿಟ್ಟಿ?"

"ಬ್ಯಾಸರಾತ್ರಿ."

"ಹೇಳಿ ಬಿಟ್ಟಿಯೇನು?"

"ಇಲ್ರಿ. ಮರುದಿನ ಹೋಗಲಿಲ್ಲ, ಅಷ್ಟ."

ಮೇಡಂ ನಕ್ಕರು. "ಖರೇ ಹೇಳ್ತಿ ಬಿಡು. ಸಾಮಾನು ತರೂ ಕೆಲಸಕ್ಕ ನನಗ ಖರೇ ಹೇಳಾವ ಬೇಕು."

ಔಷಧ ಕಂಪನಿಯವರು ಕೊಟ್ಟ ಹಳೆಯ ಡೈರಿ ಇದು. ಮುಂದಿನಿಂದ ದವಾಖಾನೆಯ ಸಾಮಾನು ಬರೆಯಬೇಕು. ಹಿಂದಿನಿಂದ ನಾನು ಇದನ್ನು ಬರೆಯುತ್ತಿದ್ದೇನೆ.

ಜೂನ್ ೨೦, ಶುಕ್ರವಾರ

ಇವತ್ತು ದಿನವೆಲ್ಲ ಪಟ್ಟಿ. ಮೇಡಂ ಹತ್ತಿರ ಇರುವುದು ಬ್ಯಾಂಕಿನ ಹದಿನಾಲ್ಕು ಲಕ್ಷ, ತಮ್ಮ ಬಂಗಾರ ಇಟ್ಟು ತಂದ ಐದು. ಬೇಕಾದ ಸಾಮಾನಿನ ಪಟ್ಟಿ ಕೂಡಿಸಿದರೆ ಇಪ್ಪತ್ತಾರು ಲಕ್ಷ. ಮೇಡಂ ಪೆನ್ಸಿಲಿನಲ್ಲೇ ಬರೆಯುತ್ತಾರೆ. ಒಂದೊಂದು ಸಾಮಾನಿನ ಮೇಲೂ ಪೆನ್ಸಿಲ್ ಇಟ್ಟು ಒಂದೇ ಪ್ರಶ್ನೆ ಕೇಳುತ್ತಾರೆ: "ಇದು ಇಲ್ಲಂದ್ರ ಯಾರು ಸಾಯ್ತಾರ?" ಉತ್ತರ ಬರದಿದ್ದರೆ ಹೊಡೆದುಹಾಕುತ್ತಾರೆ. ಎಸಿ ಹೋಯಿತು. ಗಾಜಿನ ಬಾಗಿಲು ಹೋಯಿತು. ಟಿವಿ ಹೋಯಿತು. ಇಸಿಜಿ ಉಳಿಯಿತು, ಎದೆಗೆ ಶಾಕ್ ಕೊಡುವ ಯಂತ್ರ ಉಳಿಯಿತು, ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್, ಅದನ್ನಿಡುವ ಫ್ರಿಜ್, ಫ್ರಿಜ್ಜಿಗೆ ಇನ್ವರ್ಟರ್.

ಜಾಗದ ಮಾಲೀಕರು ಮಡಿವಾಳಪ್ಪ ಸಾಹುಕಾರರು. ಟಿವಿ ಹೊಡೆದದ್ದನ್ನು ನೋಡಿ ಅವರಿಗೆ ಸಂಕಟವಾಯಿತು.

"ಮಂದಿ ಕುಂಡ್ರೂದು ಹ್ಯಾಂಗ್ರಿ ಟಿವಿ ಇಲ್ಲದ? ಹೋಗ್ಲಿ, ನಾಲ್ಕು ಫ್ಯಾನು ನಾ ಕೊಡ್ತೇನಿ. ರೆಕ್ಕಿ ಮ್ಯಾಲ ನಮ್ಮಪ್ಪನ ಹೆಸರು ಬರಸ್ತೇನಿ, ಅಷ್ಟ."

ಸಾಬೀರಾ ಸಿಸ್ಟರ್ ಬ್ಯಾಂಡೇಜು ಸುತ್ತುತ್ತ ತಲೆ ಎತ್ತದೆ ಹೇಳಿದರು: "ಬರಸ್ರಿ ಸಾಹುಕಾರ್ರ. ಕರೆಂಟ್ ಹೋದಾಗಷ್ಟ ಓದಾಕ ಬರ್ತೈತಿ."

ಮಡಿವಾಳಪ್ಪನವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಸಿಸ್ಟರ್ ಇಂಡಿಯವರು, ನಲವತ್ತು ದಾಟಿರಬೇಕು. ಹದಿನೆಂಟು ವರ್ಷದ ಅನುಭವ. ನಡುವೆ ಎರಡು ವರ್ಷ ಕೆಲಸ ಬಿಟ್ಟಿದ್ದರಂತೆ. ಯಾಕೆಂದು ಹೇಳಲಿಲ್ಲ. ನನ್ನನ್ನು ತಮ್ಮಾ ಎನ್ನುತ್ತಾರೆ.

ಪಟ್ಟಿಯ ಹದಿನೇಳನೆಯ ಸಾಲು: ಆಕ್ಸಿಜನ್ ಸಿಲಿಂಡರ್, ದೊಡ್ಡವು, ಆರು.

"ನೀ ವೆಲ್ಡಿಂಗ್ ಅಂಗಡ್ಯಾಗ ಇದ್ದಾವ. ಸಿಲಿಂಡರ್ ನಿನಗ ತಿಳೀತಾವ. ಮೂರು ಕಡೆ ದರ ತಗೊಂಡು ಬಾ" ಎಂದರು ಮೇಡಂ. ಹೌದ್ರಿ ಎಂದೆ. ಅಷ್ಟು ಬೇಗ ಹೌದೆಂದದ್ದಕ್ಕೆ ನಾಚಿಕೆಯಾಗಬೇಕಿತ್ತು. ಆಗ ಆಗಲಿಲ್ಲ. ಈಗ ಆಗುತ್ತಿದೆ.

ಜೂನ್ ೨೫, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಅವ್ವ ಎರಡು ಎತ್ತು ಮಾಡಿದಳು. ಒಂದರ ಕೋಡು ಪ್ರತಿ ವರ್ಷದಂತೆ ಈ ವರ್ಷವೂ ಮುರಿಯಿತು. ಮಾಮಾ ಹಸಿ ಮಣ್ಣು ನಾದಿ ಮತ್ತೆ ಹಚ್ಚಿಕೊಟ್ಟ. ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಅವತ್ತಿನಿಂದ ನಾವಿಬ್ಬರೂ ಮಾಮಾನ ಮನೆಯಲ್ಲೇ ಇದ್ದೇವೆ. ಒಂದು ದಿನವೂ ಮಾಮಾ ಅದನ್ನು ಎತ್ತಿ ಆಡಿಲ್ಲ. ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಊಟ ಮಾಡುವಾಗ ಮಾಮಾ ತಾನಾಗಿಯೇ ಮಾತು ತೆಗೆದ. "ಏ ಶೈಲ್ಯಾ, ನಿಮ್ಮ ಡಾಕ್ಟರಬಾಯಿಗೆ ಆಕ್ಸಿಜನ್ ಬೇಕಂತಲ್ಲ. ಹೊರಗ ಹದಿಮೂರೂವರಿ ಸಾವಿರಕ್ಕೊಂದು. ನಾ ಆರೂವರಿಗೆ ಕೊಡ್ತೇನಿ, ತುಂಬಿಸಿ."

ಮಾಮಾ ಈಗ ವೆಲ್ಡಿಂಗ್ ಕಡಿಮೆ ಮಾಡಿದ್ದಾನೆ. ಗ್ಯಾಸ್ ಏಜೆನ್ಸಿ ಇಟ್ಟಿದ್ದಾನೆ.

"ಯಾವು ಮಾಮಾ? ಹೊಸಾವೇನು?"

"ಚಲೋ ಅದಾವ. ನೀ ಹೋಳಗಿ ಉಣ್ಣು."

ಜೂನ್ ೨೬, ಗುರುವಾರ

ಮೂರು ದರಗಳನ್ನೂ ಮೇಡಂ ಮುಂದೆ ಇಟ್ಟೆ. ಮೂರನೆಯದು ನಮ್ಮ ಮಾಮಾನದು ಎಂದು ಹೇಳಿದೆ. ಅದೊಂದನ್ನು ಹೇಳಿ ಬಹಳ ಪ್ರಾಮಾಣಿಕನಾದೆ ಎಂದುಕೊಂಡೆ. ಉಳಿದದ್ದನ್ನು ಹೇಳಲಿಲ್ಲ.

ಜುಲೈ ೨, ಬುಧವಾರ

ಮುಖಕ್ಕೆ ಕಟ್ಟುವ ಆಕ್ಸಿಜನ್ ಮಾಸ್ಕುಗಳ ಪೆಟ್ಟಿಗೆ ಬಂತು. ನಾನು ಎಣಿಸಿ ಕೊಡುತ್ತಿದ್ದೆ. ಸಾಬೀರಾ ಸಿಸ್ಟರ್ ಒಂದೊಂದನ್ನೂ ಚೀಲದಿಂದ ತೆಗೆದು ಮೂಗಿಗೆ ಹಿಡಿದು ಒಳಗಿಡುತ್ತಿದ್ದರು.

"ಮೂಸಿ ನೋಡಾಕ ಅದೇನ ಮಾವಿನಹಣ್ಣೇನ್ರಿ ಸಿಸ್ಟರ್?" ಎಂದೆ.

"ನಗಬ್ಯಾಡ ತಮ್ಮಾ. ಒಂದು ಸಲ ಮೂಸಲಿಲ್ಲ, ಅದಕ್ಕ ಎರಡು ವರ್ಷ ಮನ್ಯಾಗ ಕುಂತು ಮಂದಿ ಜಂಪರ ಹೊಲದೇನಿ."

ಆಮೇಲೆ ತಾವಾಗಿಯೇ ಹೇಳಿದರು. ಕೊರೊನಾದಲ್ಲಿ ಬಸವನ ಬಾಗೇವಾಡಿ ಹಾದಿಗೆ ಒಂದು ಕಲ್ಯಾಣ ಮಂಟಪದಲ್ಲಿ ಮಂಚ ಹಾಕಿದ್ದರು. ಸಿಸ್ಟರ್ ಅಲ್ಲಿದ್ದರು. ಬಾಗಿಲ ಕಮಾನಿಗೆ ಎರಡು ನವಿಲು ಬರೆದ ಮಂಟಪ.

"ಜೈತುನಬಿ ಅಂತ ಒಬ್ಬಾಕಿ. ದೇವಣಗಾಂವದಾಕಿ, ರೊಟ್ಟಿ ಬಡದು ಮಾರಾಕಿ. ಬಾಯಿ ಅಂದ್ರ ಬಾಯಿ! ದಮ್ಮು ಹತ್ತಿದ್ರೂ ಬೈಯೂದು ಬಿಟ್ಟಾಕಿ ಅಲ್ಲ. ಹೊಸಾ ಸಿಲಿಂಡರ್ ಹಚ್ಚಿದೆ. ಈ ಗಾಳ್ಯಾಗ ಬಣ್ಣದ ವಾಸನಿ ಐತಿ, ತಗೀ ನನ್ನ ಮಗಳ ಅಂದ್ಲು. ಮಾಸ್ಕು ಕಿತ್ತು ಕಿತ್ತು ಒಗದ್ಲು. ನಾ ಗದರಿಸಿದೆ. ಆ ಕಡೆ ಮಂದಿ ಗಾಳಿ ಸಿಗದ ಸಾಯಾಕತ್ತಾರ, ನಿನಗ ವಾಸನೀದು ಚಿಂತಿ, ಸುಮ್ಮ ಬಿದ್ಕೊ ಮುದುಕಿ ಅಂದೆ. ಪಟ್ಟಿ ಬಿಗದು ಹ್ವಾದೆ. ಮುಂಜಾನಿ ಬಂದು ನೋಡ್ತೇನಿ, ಇಲ್ಲ."

ಒಂದು ಮಾಸ್ಕನ್ನು ಮಡಚಿದರು, ಬಿಚ್ಚಿದರು.

"ಆಕಿಗೆ ಭ್ರಮಿ ಆಗಿತ್ತು ಅಂತೇಳಿ ಉಳದವರು ಹೇಳಿದ್ರು. ಇರಬೌದು. ಆದ್ರ ನಾ ಒಮ್ಮಿ ಮೂಸಿ ನೋಡಬೇಕಿತ್ತಲ್ಲ ತಮ್ಮಾ. ಏನ್ ಖರ್ಚಾಗ್ತಿತ್ತು ನಂದು?"

ನಾನು ಮಾಸ್ಕು ಎಣಿಸಿದೆ. ಮೂವತ್ತೆರಡು ಬಂತು. ಪೆಟ್ಟಿಗೆಯಲ್ಲಿ ಇದ್ದದ್ದು ಇಪ್ಪತ್ತೈದು.

ಆ ನವಿಲುಗಳು ನನಗೆ ಗೊತ್ತು. ಒಂದರ ಕತ್ತು ಉದ್ದವಾಗಿ ಕೊಕ್ಕರೆಯಂತೆ ಕಾಣುತ್ತಿತ್ತು. ಅದರ ಕೆಳಗೇ ಸರಕಿನ ಟಂಟಂ ಆಟೊ ನಿಲ್ಲಿಸಿ ಎರಡು ಸಿಲಿಂಡರು ಇಳಿಸಿದ್ದೆ. ಬಣ್ಣ ನನ್ನ ಅಂಗಿಗೂ ಹತ್ತಿತ್ತು.

ಜುಲೈ ೩, ಗುರುವಾರ

ಕೆಲಸಕ್ಕೆ ಹೋಗಲಿಲ್ಲ. ಜ್ವರ ಎಂದು ಫೋನ್ ಮಾಡಿದೆ. ಜ್ವರ ಇರಲಿಲ್ಲ.

ಜುಲೈ ೪, ಶುಕ್ರವಾರ

ಇವತ್ತೂ ಹೋಗಬಾರದೆಂದುಕೊಂಡಿದ್ದೆ. ಏಳನೇ ಕೆಲಸವೂ ಹೀಗೆಯೇ ಮುಗಿಯುತ್ತಿತ್ತು. ಒಂಬತ್ತಕ್ಕೆ ಸಿಸ್ಟರ್ ಫೋನ್ ಬಂತು. "ತಮ್ಮಾ, ಜ್ವರ ಎಷ್ಟೈತಿ? ಬಾ ಇಲ್ಲಿ, ಹೊಸಾ ಥರ್ಮಾಮೀಟರ್ ಬಂದಾವ, ನಿನ್ನ ಮ್ಯಾಲೇ ಉದ್ಘಾಟನಾ ಮಾಡೂನು." ಹೋದೆ. ತೊಂಬತ್ತೆಂಟು ತೋರಿಸಿತು. ಅವರು ನನ್ನ ಮುಖ ನೋಡಿ ಥರ್ಮಾಮೀಟರ್ ಒರೆಸಿಟ್ಟರು.

ಜುಲೈ ೯, ಬುಧವಾರ

ಮೇಡಂ ಮಾಮಾನ ದರವನ್ನೇ ಒಪ್ಪಿದರು. ನಾನು ಎದುರಿಗೇ ಇದ್ದೆ.

ಗಂಟಲಲ್ಲಿ ಕಫ, ರಕ್ತ ಸಿಕ್ಕಿಕೊಂಡರೆ ಎಳೆಯುವ ಸಕ್ಷನ್ ಯಂತ್ರ ಪಟ್ಟಿಯಲ್ಲಿ ಹಾಗೇ ಉಳಿದಿತ್ತು. ಅದಿಲ್ಲದಿದ್ದರೆ ಯಾರು ಸಾಯುತ್ತಾರೆ ಎಂಬುದಕ್ಕೆ ಉತ್ತರ ಬಹಳ ಇತ್ತು, ದುಡ್ಡು ಇರಲಿಲ್ಲ. ಇವತ್ತು ಮೇಡಂ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಲೆಕ್ಕ ಹಾಕಿದರು. ಸಿಲಿಂಡರೊಂದಕ್ಕೆ ಏಳು ಸಾವಿರ ಉಳಿತಾಯ, ಆರಕ್ಕೆ ನಲವತ್ತೆರಡು.

"ನೋಡ್ರಿ ಸಾಬೀರಾ, ಸಕ್ಷನ್ ಬಂತು! ಈ ಹುಡುಗನ ಪುಣ್ಯೇದಿಂದ ಬಂತು."

ಸಿಸ್ಟರ್ ನನ್ನ ಬೆನ್ನು ತಟ್ಟಿದರು. ತಟ್ಟಿದ ಕೈ ಇನ್ನೂ ಬೆನ್ನ ಮೇಲೇ ಇದ್ದಂತಿದೆ.

ಮಾಮಾ ಕೊಡುತ್ತಿರುವುದು ಹಳೆಯ ಬಿಳಿ ಕುತ್ತಿಗೆಯವು ಎಂದು ನಾನು ಕಣ್ಣಾರೆ ನೋಡಿಲ್ಲ. ನೋಡದೆ ಹೇಳುವುದು ಹೇಗೆ? ಹೀಗೆ ನನಗೆ ನಾನೇ ಹೇಳಿಕೊಂಡೆ. ಬರೆದ ಮೇಲೆ ಓದಿದರೆ ವಾಸನೆ ಬರುತ್ತಿದೆ.

ಜುಲೈ ೧೭, ಗುರುವಾರ

ಸಿಲಿಂಡರು ಬಂದವು. ಶ್ರಾವಣದ ಮೊದಲ ಸೋಮವಾರ, ಇಪ್ಪತ್ತೆಂಟಕ್ಕೆ, ಉದ್ಘಾಟನೆ. ಕಾರ್ಡು ಹಂಚಿ ಆಗಿದೆ.

ಆರೂ ಬಿಳಿ ಕುತ್ತಿಗೆಯವೇ. ಬಣ್ಣ ಹೊಸದಾಗಿ ಹಚ್ಚಿದಂತಿತ್ತು. ಒಂದೊಂದನ್ನೇ ಓರೆ ಮಾಡಿ, ತಳಕ್ಕೆ ಕೂರಿಸಿದ ಕಬ್ಬಿಣದ ಬಳೆಯ ಮೇಲೆ ಉರುಳಿಸಿಕೊಂಡು ಒಳಗಿನ ಕೋಣೆಗೆ ಒಯ್ದೆ. ನಾಲ್ಕನೆಯದನ್ನು ಓರೆ ಮಾಡಿದಾಗ ತಳದ ಬಳೆ ಕಂಡಿತು. ಬಳೆಯ ಮೇಲೆ ಒಂದು ಗೇಣಿಗಿಂತ ಕಡಿಮೆ ಉದ್ದದ ವೆಲ್ಡಿಂಗ್ ಗೆರೆ. ಗಂಟುಗಂಟಾಗಿ ಉಬ್ಬಿಕೊಂಡಿದೆ.

ಅಂಗಡಿಗೆ ಸೇರಿದ ಮೊದಲ ವಾರ, ಮಾಮಾ ಊಟಕ್ಕೆ ಹೋಗಿದ್ದಾಗ, ವೆಲ್ಡಿಂಗ್ ಕಡ್ಡಿ ಹಿಡಿಯುವ ಆಸೆಯಿಂದ ಕೈಗೆ ಸಿಕ್ಕ ಖಾಲಿ ಸಿಲಿಂಡರಿನ ಬಳೆಗೆ ಹಚ್ಚಿದ್ದೆ. ಸಿಲಿಂಡರಿಗೆ ಎಲ್ಲೂ ಕಡ್ಡಿ ಮುಟ್ಟಿಸಬಾರದು ಎಂಬ ಬುದ್ಧಿ ಇರಲಿಲ್ಲ. ಮಾಮಾ ಬಂದು ಕಪಾಳಕ್ಕೆ ಕೊಟ್ಟು ಆಮೇಲೆ ಬಗ್ಗಿ ನೋಡಿ ನಕ್ಕಿದ್ದ. "ಇದೇನಲೇ, ವೆಲ್ಡಿಂಗೋ ಕೋಳಿ ಹಿಕ್ಕಿಯೋ?" ಆ ಸಿಲಿಂಡರಿಗೆ ಅಂಗಡಿಯಲ್ಲಿ ಕೋಳಿ ಎಂದೇ ಹೆಸರಾಯಿತು. ಕೋಳಿ ತುಂಬಿಸಿಕೊಂಡು ಬಾ, ಕೋಳಿ ಖಾಲಿ ಆತೇನು ನೋಡು.

ಕೋಳಿಯನ್ನು ನಿಲ್ಲಿಸಿ, ಅದರ ಬೆನ್ನಿಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಕೂತೆ. ಡೈರಿಯ ಮುಂದಿನ ಭಾಗದಲ್ಲಿ ಬರೆದೆ: ಆಕ್ಸಿಜನ್ ಸಿಲಿಂಡರ್ ಆರು, ಬಂದಿವೆ, ಸರಿಯಾಗಿವೆ. ಸಹಿ ಮಾಡಿದೆ.

ಜುಲೈ ೧೯, ಶನಿವಾರ

ಮಾಮಾನ ಅಂಗಡಿಗೆ ಹೋಗಿ ನೇರ ಕೇಳಿದೆ.

"ಮಾಮಾ, ಆರರಾಗ ಎಷ್ಟು ಹಳೀವು?"

ಮಾಮಾ ಸುಳ್ಳು ಹೇಳಲಿಲ್ಲ. "ನಾಕು. ಎರಡು ಖರೇ ದವಾಖಾನೀವೇ."

"ತೊಳಿಸೀರೇನು? ಟೆಸ್ಟಿಂಗಿಗೆ ಕಳಿಸೀರೇನು?"

"ಏ ಹುಚ್ಚಾ, ಗಾಳಿ ಅಂದ್ರ ಗಾಳೀನ. ಕಬ್ಬಿಣ ಕೊರಿಯೂದಕ್ಕ ಹ್ವಾದ್ರ ಒಂದು ಗಾಳಿ, ಮೂಗಿಗೆ ಹ್ವಾದ್ರ ಇನ್ನೊಂದು ಗಾಳಿ ಐತೇನು?"

"ಮತ್ತ ಬಣ್ಣ ಯಾಕ ಹಚ್ಚಿದ್ರಿ?"

ಇದಕ್ಕೆ ಮಾಮಾ ಕುರ್ಚಿಯಿಂದ ಎದ್ದ. ಅವನ ದನಿ ಏರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

"ಆವತ್ತು ಈ ಶಟರ್ ಮುಂದ ಮಂದಿ ನನ್ನ ಕಾಲು ಹಿಡದಿದ್ರು. ಅಗರಖೇಡದಿಂದ ಒಬ್ಬ ತನ್ನ ಹೇಣ್ತಿನ್ನ ಟ್ರ್ಯಾಕ್ಟರ್ ಟ್ರಾಲ್ಯಾಗ ಹಾಕ್ಕೊಂಡು ಬಂದಿದ್ದ, ನೀನೂ ನೋಡೀದಿ. ಎರಡು ಸಿಲಿಂಡರ್ ನಾ ಪುಗಸೆಟ್ಟಿ ಕೊಟ್ಟೇನಿ. ಇಲ್ಲಂದಿದ್ರ ಆ ಕ್ಷಣಕ್ಕ ಸಾಯ್ತಿದ್ರು. ಆಗ ಯಾರೂ ಪಾವತಿ ಕೇಳಲಿಲ್ಲ, ಟೆಸ್ಟಿಂಗ್ ಕೇಳಲಿಲ್ಲ. ಈಗ ನೀ ಬಂದೀ ಕೇಳಾಕ?"

ಇದೆಲ್ಲ ನಿಜ. ಟ್ರಾಲಿಯಲ್ಲಿದ್ದ ಹೆಂಗಸನ್ನು ನಾನೂ ನೋಡಿದ್ದೇನೆ. ಆಕೆಗೆ ಹಸಿರು ಬಳೆ ಇದ್ದವು.

"ಆಗಿಂದು ಆಗ ಮಾಮಾ. ಈಗ ಯಾಕ?"

"ಈಗ ಒಳಗ ಬಿದ್ದಾವಲ್ಲ, ಅದಕ್ಕ" ಎಂದ. ನಂತರ ಅಂದ: "ನಿಮ್ಮವ್ವನ ಮಾರಿ ನೋಡಿ ಬಾಯಿ ಬಿಡು."

ಜುಲೈ ೨೦, ಭಾನುವಾರ

ಅವ್ವನ ಮುಖ ನೋಡಿದೆ. ಬಾಯಿ ಬಿಡಲಿಲ್ಲ.

ಜುಲೈ ೨೧, ಸೋಮವಾರ

ಬಿಡಲಿಲ್ಲ. ಇನ್ನು ಏಳು ದಿನ.

ಸಿಸ್ಟರ್ ಇವತ್ತು ಒಳಗಿನ ಕೋಣೆಗೆ ಹೋಗಿ ಸಿಲಿಂಡರಿನ ಬಾಯಿ ಒಮ್ಮೆ ತೆರೆದು ಮೂಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು, ಎರಡು. ಮೂರನೆಯದಕ್ಕೆ ಹೊರಗೆ ಕೊರಿಯರಿನವನು ಕೂಗಿದ. "ಉಳದದ್ದು ನಾಳಿ" ಎಂದು ಎದ್ದು ಹೋದರು. ನಾಲ್ಕನೆಯದು ಕೋಳಿ. ಅದರ ಹೊಸ ಬಣ್ಣ ಒಣಗಿದೆ, ಏನೂ ವಾಸನೆ ಬರುವುದಿಲ್ಲ. ನಾಳೆ ಮೂಸಿದರೂ ಅವರಿಗೆ ತಿಳಿಯುವುದಿಲ್ಲ. ಸರಿಯಾಗಿದೆ ಎಂದು ಅವರೇ ಯಾರದೋ ಮೂಗಿಗೆ ಹಚ್ಚುತ್ತಾರೆ. ಎರಡನೇ ಸಲ.

ಜುಲೈ ೨೨, ಮಂಗಳವಾರ

ಹೇಳಿದೆ.

ಮೇಡಂ ಸಕ್ಷನ್ ಯಂತ್ರಕ್ಕೆ ದುಡ್ಡು ಕಳಿಸಲು ಫೋನ್ ತೆಗೆದಿದ್ದರು. ಹೇಗೆ ಶುರು ಮಾಡಬೇಕೆಂದು ಮೂರು ದಿನ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಮೇಡಂ, ಸಕ್ಷನಿಗೆ ರೊಕ್ಕ ಕಳಿಸಬ್ಯಾಡ್ರಿ."

"ಯಾಕೋ?"

"ಸಾಲಂಗಿಲ್ರಿ. ಸಿಲಿಂಡರ್ ಬ್ಯಾರೇ ತಗೋಬೇಕಾಕ್ಕೈತಿ. ಅದರಾಗ ನಾಕು ವೆಲ್ಡಿಂಗಿನವು. ಕುತ್ತಿಗಿಗೆ ಬಿಳೀ ಬಣ್ಣ ಹಚ್ಚ್ಯಾರ, ಒಳಗ ತೊಳಿಸಿಲ್ಲ."

"ಯಾರು ಹಚ್ಚಿದ್ದು?"

"ಈಗ ಮಾಮಾ ರೀ. ಮೊದಲ ಹಚ್ಚಿದಾವ ನಾ. ಕೊರೊನಾದಾಗ."

ಮೇಡಂ ಫೋನ್ ಕೆಳಗಿಟ್ಟರು. "ಎಷ್ಟು?"

"ಹನ್ನೊಂದು."

ಪಟ್ಟಿಯ ಅಂಚಿನಲ್ಲಿ ಹನ್ನೊಂದು ಎಂದು ಬರೆದು ಅದರ ಕೆಳಗೆ ನಾಲ್ಕು ಬರೆದು ಕಳೆದರು. "ಏಳು ಎಲ್ಲಿ?"

"ಗೊತ್ತಿಲ್ರಿ. ತಿರುಗಿ ಬಂದಿಲ್ಲ."

ಆ ಏಳರ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದರು.

"ಮೊದಲನೇ ದಿನ ಯಾಕ ಹೇಳಲಿಲ್ಲ?"

"ನೀವು ನನಗ ಖರೇ ಹೇಳಾವ ಅಂದ್ರಿ. ಹೇಳಿದ್ರ ಅದು ಹೋಗ್ತಿತ್ರಿ."

ಇದು ನನ್ನ ಬಾಯಿಂದ ಬಂದಾಗಲೇ ನನಗೂ ತಿಳಿದದ್ದು. ನೆಲದಲ್ಲಿ ಹೊಸ ಫರಸಿ ಹಾಕಿದ್ದಾರೆ, ಅದನ್ನೇ ನೋಡುತ್ತಿದ್ದೆ. ಆಮೇಲೆ ಜೈತುನಬಿಯ ವಿಷಯ ಹೇಳಿ ಕೇಳಿದೆ: "ಆಕಿ ಅದರಿಂದಲೇ ಸತ್ಲೇನ್ರಿ?"

ಇಲ್ಲ ಎನ್ನುತ್ತಾರೆ ಎಂದು ಆಸೆ ಇತ್ತು. ಇದನ್ನೂ ಬರೆದಿಡಬೇಕು.

"ಗೊತ್ತಿಲ್ಲ. ಇನ್ನ ಯಾರಿಗೂ ಗೊತ್ತಾಗೂದೂ ಇಲ್ಲ" ಎಂದರು. "ಸಾಬೀರಾಗ ನಾ ಹೇಳಂಗಿಲ್ಲ. ನೀ ಹೇಳು."

ಜುಲೈ ೨೩, ಬುಧವಾರ

ಸಿಸ್ಟರ್ ತುರ್ತು ಟ್ರಾಲಿಯ ಖಾನೆಗಳಿಗೆ ಇಂಜೆಕ್ಷನ್ ಜೋಡಿಸುತ್ತಿದ್ದರು. ನಾನು ನಿಂತೇ ಹೇಳಿದೆ. ಕೊರೊನಾ, ಅಂಗಡಿ, ಟಂಟಂ, ನವಿಲಿನ ಕಮಾನು. ಅವರ ಕೈ ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದರು:

"ನಮ್ಮ ಮಂಟಪಕ್ಕ ತಂದಾಗ ಬಣ್ಣ ಒಣಗಿತ್ತೇನು?"

"ಇಲ್ರಿ. ಹಸೀ ಇತ್ತು."

"ಹಚ್ಚೂ ಮುಂದ ಸಿಲಿಂಡರಿನ ಬಾಯಿಗೆ ಅರಿವಿ ಸುತ್ತಿದ್ದಿಯೇನು?"

"ಇಲ್ರಿ. ಬಾಯಿಗೂ ಹತ್ತಿತ್ತು. ಅಂಗಿ ಚುಂಗಿಲೆ ಒರಸಿದ್ದೆ."

ಸಿಸ್ಟರ್ ಆಗ ಕೂತರು. ಕೂರಲು ಕುರ್ಚಿ ಇರಲಿಲ್ಲ, ಸಾಮಾನಿನ ರಟ್ಟಿನ ಪೆಟ್ಟಿಗೆಯ ಮೇಲೆ ಕೂತರು. ಅದು ಒಂದು ಕಡೆ ಕುಸಿಯಿತು. ಅವರು ಸರಿ ಮಾಡಿಕೊಳ್ಳಲಿಲ್ಲ.

"ಅಂದ್ರ ಆಕಿ ಖರೇ ಹೇಳಿದ್ಲು" ಎಂದರು.

ನನಗೆ ಬೈದಿದ್ದರೆ ನಿಲ್ಲಬಹುದಿತ್ತು. ಬೈಯಲಿಲ್ಲ. ಅಳಲೂ ಇಲ್ಲ. ಕೈಯಲ್ಲಿದ್ದ ಸಣ್ಣ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಅದರ ತಾರೀಖು ಓದುತ್ತಿದ್ದರು.

"ನಾ ಪಟ್ಟಿ ಬಿಗಿಯೂ ಮುಂದ ಆಕಿ ನನ್ನ ಕೈ ಹಿಡದಿದ್ಲು. ಅದನ್ನ ನಿನಗ ಆವತ್ತು ಹೇಳಿರಲಿಲ್ಲ. ಯಾರಿಗೂ ಹೇಳಿಲ್ಲ."

ನಾನು ಹೊರಡಲು ತಿರುಗಿದೆ. ಬಾಗಿಲಿಗೆ ಬಂದಾಗ ಕರೆದರು.

"ಶ್ರೀಶೈಲ."

ಇಷ್ಟು ದಿನದಲ್ಲಿ ಅವರು ನನ್ನ ಹೆಸರು ಹಿಡಿದದ್ದು ಇದೇ ಮೊದಲು.

"ಆಕಿ ಮಗಳು ದೇವಣಗಾಂವದಾಗ ಅದಾಳ. ಮೆಹರುನ್ನಿಸಾ. ಊರ ಅಗಸಿ ಬಾಗಲಾ ಹತ್ರ ಮನಿ, ಆಕೀನೂ ರೊಟ್ಟಿ ಮಾಡ್ತಾಳ. ನಾ ಎರಡು ಸಲ ಬಸ್ ಹತ್ತೇನಿ. ಎರಡೂ ಸಲ ನಡುವ ಇಳದು ಬಂದೇನಿ."

ಹೋಗು ಎಂದು ಅವರು ಹೇಳಲಿಲ್ಲ.

ಜುಲೈ ೨೪, ಗುರುವಾರ

ಅಮಾವಾಸ್ಯೆ. ಮೇಡಂ ವಿಜಯಪುರದ ಅಧಿಕಾರಿಗಳಿಗೆ ಪತ್ರ ಬರೆದರು. ಹನ್ನೊಂದು, ನಾಲ್ಕು, ಏಳು, ಎಲ್ಲ ಇದೆ. ನನ್ನ ಹೇಳಿಕೆಯನ್ನು ಬೇರೆ ಹಾಳೆಯಲ್ಲಿ ನಾನೇ ಬರೆದೆ. ಮಾಮಾನ ಹೆಸರು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಅಗರಖೇಡದ ಟ್ರಾಲಿಯನ್ನೂ, ಪುಗಸಟ್ಟೆ ಕೊಟ್ಟ ಎರಡನ್ನೂ ಬರೆದೆ. "ಇದು ಅವರು ಕೇಳಿಲ್ಲ" ಎಂದರು ಮೇಡಂ. "ಇರ್ಲಿ ಬಿಡ್ರಿ, ಅದೂ ಆಗೈತಿ" ಎಂದೆ. ನಾಲ್ಕು ಸಿಲಿಂಡರುಗಳನ್ನು ಹಿಂದಿನ ಕೋಣೆಗೆ ಹಾಕಿ ಕೀಲಿ ಹಾಕಿದ್ದೇವೆ. ತಿರುಗಿ ಕೊಟ್ಟರೆ ಮತ್ತೆ ಇನ್ನೊಂದು ಕಡೆ ಹೋಗುತ್ತವೆ.

ಮನೆಗೆ ಹೋಗುವಷ್ಟರಲ್ಲಿ ಮಾಮಾನಿಗೆ ಗೊತ್ತಾಗಿತ್ತು. ನಾನೇ ಮಧ್ಯಾಹ್ನ ಫೋನ್ ಮಾಡಿ ಹೇಳಿದ್ದೆ.

"ಒಂದಲ್ಲ ಎರಡಲ್ಲ, ಹನ್ನೆರಡು ವರ್ಷ ಅನ್ನ ಹಾಕೇನಿ" ಎಂದ ಮಾಮಾ. ಇಷ್ಟು ವರ್ಷ ಎತ್ತಿ ಆಡದಿದ್ದದ್ದನ್ನು ಆಡಿದ. ಆಡಿದ ಮೇಲೆ ಅವನಿಗೇ ನಾಚಿಕೆಯಾಯಿತು, ಗೋಡೆಯ ಕಡೆ ತಿರುಗಿದ. "ಅಕ್ಕನ್ನ ನಾ ಬಿಡಂಗಿಲ್ಲ. ಆಕಿ ಇಲ್ಲೇ ಇರ್ತಾಳ. ನೀ ಹೊಂಡು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನೀ ಹಚ್ಚಿದ್ದು ಖರೇನು?"

"ಹೌದವ್ವ."

"ಪರಮ್ಯಾ, ನೀ ಹಚ್ಚು ಅಂದಿದ್ದು ಖರೇನು?"

ಮಾಮಾ ಗೋಡೆಯ ಕಡೆಯಿಂದ ತಿರುಗಲಿಲ್ಲ.

"ಇಬ್ರೂ ಉಣ್ರಿ ಮೊದಲ" ಎಂದಳು. ಮಾಮಾ ಉಣ್ಣದೆ ಹೊರಗೆ ಹೋದ. ನಾನು ಉಂಡೆ. ಹಸಿವಾಗಿತ್ತು. ಹಸಿವಾದದ್ದಕ್ಕೂ ನಾಚಿಕೆಯಾಯಿತು.

ಜುಲೈ ೨೬, ಶನಿವಾರ

ಎರಡು ದಿನದಿಂದ ಕ್ಲಿನಿಕ್ಕಿನ ಸಾಮಾನು ಕೋಣೆಯಲ್ಲಿ ಮಲಗುತ್ತಿದ್ದೇನೆ. ಮುದ್ದೇಬಿಹಾಳದಲ್ಲಿ ಮೇಡಂ ಜೊತೆ ಓದಿದವರೊಬ್ಬರ ನರ್ಸಿಂಗ್ ಹೋಮ್ ಇದೆ. ಅಲ್ಲಿಂದ ಎರಡು ಸಿಲಿಂಡರು ಎರವಲು ತಂದೆ. ತಪಾಸಣೆಯ ಚೀಟಿ ನೋಡಿ, ಭುಜದ ಮೇಲೆ ಕೊರೆದ ನಂಬರು ಚೀಟಿಗೆ ಹೊಂದುತ್ತದೆಯೇ ನೋಡಿ, ತಳವನ್ನೂ ನೋಡಿ ತಂದೆ. ಮಾಮಾ ಕೊಟ್ಟದ್ದರಲ್ಲಿ ಒಳ್ಳೆಯವು ಎರಡನ್ನೂ ಮೇಡಂ ತಪಾಸಣೆಗೆ ಕಳಿಸಿದ್ದಾರೆ. ಆರರ ಬದಲು ಎರಡರಲ್ಲೇ ಶುರು.

ಸಕ್ಷನಿಗೆ ದುಡ್ಡಿಲ್ಲ. ಕಾಲಲ್ಲಿ ತುಳಿಯುವ ಹಳೆಯದೊಂದನ್ನು ಅದೇ ಡಾಕ್ಟರು ಪುಗಸಟ್ಟೆ ಕೊಟ್ಟರು. ಸಿಸ್ಟರ್ ಒಂದು ಬೋಗುಣಿಯಲ್ಲಿ ನೀರಿಟ್ಟು ಅದರ ನಳಿಗೆಯ ತುದಿಯನ್ನು ನೀರಲ್ಲಿ ಅದ್ದಿ ಹಿಡಿದರು. ಮೂರು ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ.

"ಹೆಂಗೂ ಆ ಕಾಲು ಸುಮ್ಮ ಇರಂಗಿಲ್ಲ. ತುಳಿ" ಎಂದರು.

ತುಳಿದೆ. ನೀರು ಏರಿತು. ಬೋಗುಣಿ ಖಾಲಿಯಾಗುವವರೆಗೂ ತುಳಿದೆ. ಸಿಸ್ಟರ್ ಸಾಕು ಎನ್ನಲಿಲ್ಲ, ಎರಡನೇ ಬೋಗುಣಿ ತಂದಿಟ್ಟರು.

ಜುಲೈ ೨೭, ಭಾನುವಾರ

ಮಡಿವಾಳಪ್ಪನವರ ಫ್ಯಾನುಗಳು ಬಂದು ಏರಿದವು. ಬಾಗಿಲಿಗೆ ಮಾವಿನ ತೋರಣ ಕಟ್ಟಿದೆ. ನಾಳೆ ಹತ್ತಕ್ಕೆ ಉದ್ಘಾಟನೆ.

ಜುಲೈ ಹದಿನೇಳರ ಸಾಲನ್ನು ಹೊಡೆದು, 'ನಾಲ್ಕು ಸರಿಯಾಗಿಲ್ಲ, ನನಗೆ ಗೊತ್ತಿತ್ತು' ಎಂದು ಪಕ್ಕದಲ್ಲಿ ಬರೆದು ಸಹಿ ಮಾಡಿದೆ. ಯಾವ ಸಾಮಾನು ಯಾವ ಕಪಾಟಿನಲ್ಲಿ ಇದೆ, ಯಾವುದರ ಗ್ಯಾರಂಟಿ ಎಂದು ಮುಗಿಯುತ್ತದೆ, ಎಲ್ಲವನ್ನೂ ಬರೆದು ಡೈರಿಯನ್ನು ಮೇಡಂ ಕೈಗೆ ಕೊಟ್ಟೆ. ಹಿಂದಿನ ಈ ಹಾಳೆಗಳನ್ನು ಮಾತ್ರ ಬಿಡಿಸಿಕೊಂಡಿದ್ದೇನೆ.

ನಿನ್ನನ್ನು ಕೆಲಸದಿಂದ ತೆಗೆದಿದ್ದೇನೆ ಎಂದು ಮೇಡಂ ಹೇಳಿಲ್ಲ. ಇರು ಎಂದೂ ಹೇಳಿಲ್ಲ. "ಅಧಿಕಾರಿಗಳು ಕರದಾಗ ವಿಜಯಪುರಕ್ಕ ಬರಬೇಕಾಕ್ಕೈತಿ. ಫೋನ್ ಬಂದ್ ಮಾಡಬ್ಯಾಡ" ಎಂದರು. ಮಾಡಂಗಿಲ್ರಿ ಎಂದೆ. ನಾಳೆ ಉದ್ಘಾಟನೆಗೆ ಇರುವುದಿಲ್ಲ, ಹೋಗುತ್ತೇನೆ ಎಂದು ಮೇಡಂಗೆ ಹೇಳಿದೆ. ಸಿಸ್ಟರಿಗೆ ಹೇಳಿದೆ. ಸಂಜೆ ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಮಾಮಾ ಕಟ್ಟೆಯ ಮೇಲೆ ಕೂತಿದ್ದ. ಅವನಿಗೂ ಹೇಳಿದೆ. ಅವನು ರಸ್ತೆ ನೋಡುತ್ತಿದ್ದ, ನೋಡುತ್ತಲೇ ಇದ್ದ.

ಮೆಹರುನ್ನಿಸಾಗೆ ಏನು ಹೇಳಬೇಕೆಂದು ಬರೆದುಕೊಳ್ಳಲು ಕೂತಿದ್ದೆ. ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದೆ. ನಿಮ್ಮ ತಾಯಿ ಹೇಳಿದ್ದು ನಿಜವಿತ್ತು ಎಂಬ ಒಂದು ಸಾಲು ಉಳಿದಿದೆ.

ನಾಳೆ ಎಂಟರ ಬಸ್ಸಿಗೆ ದೇವಣಗಾಂವಕ್ಕೆ ಹೋಗುತ್ತೇನೆ.